‘ಒಂಬತ್ತೂವರೆಗೆ ಹಾಕಿದ್ರೆ ಯಾರು ನೋಡ್ತಾರೆ?’: ಹೊಸ ಕಾರ್ಯಕ್ರಮಗಳ ಪಟ್ಟಿಗೆ ಬರುವ ಪ್ರತಿಕ್ರಿಯೆ ಓದುವ ಕೆಲಸ

ಚಾನೆಲ್ಲಿನ ಹೊಸ ಕಾರ್ಯಕ್ರಮಗಳ ಪಟ್ಟಿ ಹೊರಬಿದ್ದ ಸಂಜೆಯಿಂದಲೇ ಮಾತು ಶುರು. ಪ್ರೋಮೋ ಕೆಳಗೆ ಬರೆದದ್ದು, ಸಹಾಯವಾಣಿಗೆ ಬಂದ ಕರೆ, ಇಮೇಲ್, ಕೇಬಲ್-ಡಿಟಿಎಚ್ ಆಪರೇಟರುಗಳ ಮೂಲಕ ದಾಟಿ ಬಂದ ದೂರು. ಇದನ್ನೆಲ್ಲ ಓದಿ, ‘ಜನ ಏನಂತಾರೆ’ ಅನ್ನುವುದನ್ನು ಒಂದೇ ಪುಟಕ್ಕೆ ಇಳಿಸಿ ಪ್ರೋಗ್ರಾಮಿಂಗ್ ಹೆಡ್ ಮೇಜಿನ ಮೇಲಿಡುವುದು ವೀಕ್ಷಕರ ಸಂಶೋಧನೆ ಮಾಡುವ ನಮ್ಮಂಥವರ ಕೆಲಸ. ಹೊಸದಾಗಿ ಸೇರಿದವರು ಮೊದಲ ದಿನವೇ ಎಲ್ಲವನ್ನೂ ‘ಇಷ್ಟ’, ‘ಇಷ್ಟವಿಲ್ಲ’ ಎಂದು ಎರಡು ಗುಡ್ಡೆ ಹಾಕಿ, ಶೇಕಡಾವಾರು ತೆಗೆದು, ಕೆಂಪು-ಹಸಿರು ಬಣ್ಣದ ಚಾರ್ಟ್ ಮಾಡಿಬಿಡುತ್ತಾರೆ. ನೋಡಲು ಚೆಂದ. ಉಪಯೋಗಕ್ಕೆ ಸೊನ್ನೆ.

ಯಾಕೆಂದರೆ, ಬರೆದವರು ಕಾರ್ಯಕ್ರಮವನ್ನು ಇನ್ನೂ ನೋಡೇ ಇಲ್ಲ. ಅವರ ಕಣ್ಣಿಗೆ ಬಿದ್ದಿರುವುದು ಒಂದು ಹೆಸರು, ಒಂದೆರಡು ಮುಖ, ಮೂವತ್ತು ಸೆಕೆಂಡಿನ ಪ್ರೋಮೋ, ಒಂದು ಸಮಯ. ಇಷ್ಟರಲ್ಲಿ ಅವರಿಗೆ ಖಚಿತವಾಗಿ ಗೊತ್ತಿರುವ ಸಂಗತಿ ಒಂದೇ: ದಿನಾ ನೋಡುತ್ತಿದ್ದ ಯಾವುದೋ ಒಂದು ಜಾಗ ಬಿಡುತ್ತಿದೆ, ಇಲ್ಲವೇ ಹೊತ್ತು ಬದಲಿಸುತ್ತಿದೆ. ಹಾಗಾಗಿ ಮೊದಲ ಎರಡು ದಿನದ ಸಿಟ್ಟಿನಲ್ಲಿ ಬಹುಪಾಲು ಹೊಸದರ ಮೇಲಿನದಲ್ಲ, ಕೈತಪ್ಪುತ್ತಿರುವ ಹಳೆಯದರ ಮೇಲಿನದು. ಇದನ್ನು ಬೇರ್ಪಡಿಸದೆ ‘ಹೊಸ ಧಾರಾವಾಹಿಗೆ ನೆಗೆಟಿವ್ ಇದೆ’ ಎಂದು ಬರೆದುಕೊಟ್ಟರೆ, ಕಥೆಯಲ್ಲಿ ತಪ್ಪಿಲ್ಲದಿದ್ದರೂ ಕಥೆ ತಿದ್ದಲು ಕೂರುತ್ತಾರೆ. ತಿದ್ದಬೇಕಾದ ಸ್ಲಾಟ್, ಅಂದರೆ ಪ್ರಸಾರದ ಹೊತ್ತು, ಹಾಗೇ ಉಳಿಯುತ್ತದೆ.

ಪಟ್ಟಿ ಹೊರಬೀಳುವ ಮೊದಲೇ ಮಾಡಿಕೊಳ್ಳಬೇಕಾದದ್ದು

ಎಫ್‌ಪಿಸಿಯ (ಯಾವ ಹೊತ್ತಿಗೆ ಯಾವ ಕಾರ್ಯಕ್ರಮ ಎಂಬ ಚಾನೆಲ್ಲಿನ ವೇಳಾಪಟ್ಟಿ) ಹಳೆಯ ಮತ್ತು ಹೊಸ ಪ್ರತಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ಅರ್ಧರ್ಧ ಗಂಟೆಗೆ ಒಂದು ಸಾಲು ಬರೆಯಿರಿ. ಹತ್ತು ಸಾಲು ಆಗುತ್ತದೆ. ಪ್ರತಿ ಸಾಲಿನ ಮುಂದೆ ಏನು ಬದಲಾಗುತ್ತಿದೆ ಅನ್ನುವುದಕ್ಕೆ ಈ ಐದರಲ್ಲಿ ಒಂದು ಪದ: ಮುಗಿಯುತ್ತಿದೆ, ಸರಿಯುತ್ತಿದೆ, ದಿನ ಕಡಿಮೆಯಾಗುತ್ತಿದೆ, ಅವಧಿ ಬದಲಾಗುತ್ತಿದೆ, ಹಾಗೇ ಇದೆ. ‘ಹಾಗೇ ಇದೆ’ ಎಂದು ಬರೆದ ಸಾಲಿನ ಮೇಲೂ ಕಣ್ಣಿರಲಿ. ಎಂಟೂವರೆಯ ಧಾರಾವಾಹಿ ಅಲುಗದೆ ಇದ್ದರೂ ಎಂಟರದು ಬದಲಾದರೆ ಎಂಟೂವರೆಯ ಬಾಗಿಲೇ ಬದಲಾದ ಹಾಗೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಇದೇ ಹಾಳೆಯಲ್ಲಿ, ಪ್ರಕಟಣೆಗೆ ಮುಂಚಿನ ನಾಲ್ಕು ವಾರದಲ್ಲಿ ಪ್ರತಿ ಕಾರ್ಯಕ್ರಮಕ್ಕೆ ದಿನಕ್ಕೆ ಸರಾಸರಿ ಎಷ್ಟು ಪ್ರತಿಕ್ರಿಯೆ ಬರುತ್ತಿತ್ತು ಎಂಬ ಲೆಕ್ಕವೂ ಇರಬೇಕು. ಈ ಆಧಾರ ಸಂಖ್ಯೆ ಇಲ್ಲದೆ ‘ಮುನ್ನೂರು ಜನ ಬೈದಿದ್ದಾರೆ’ ಅನ್ನುವುದಕ್ಕೆ ಅರ್ಥವಿಲ್ಲ. ಸುಮ್ಮನಿದ್ದಾಗಲೂ ದಿನಕ್ಕೆ ಇನ್ನೂರೈವತ್ತು ಮಾತು ಬರುವ ಜನಪ್ರಿಯ ಧಾರಾವಾಹಿಗೆ ಮುನ್ನೂರು ದೊಡ್ಡದಲ್ಲ. ದಿನಕ್ಕೆ ಎಂಟು ಬರುತ್ತಿದ್ದ ಕಡೆ ಎಂಬತ್ತು ಬಂದರೆ ಅದು ದೊಡ್ಡ ಸುದ್ದಿ.

ಒಂದು ಪ್ರತಿಕ್ರಿಯೆಯನ್ನು ಬಿಡಿಸಿ ನೋಡೋಣ

ಮಾದರಿಗೆ ಇಂಥ ಒಂದು ಮಾತು ಬಂದಿದೆ ಅಂದುಕೊಳ್ಳಿ: ‘ಮತ್ತೆ ಅದೇ ಆಸ್ತಿ ಜಗಳಾನಾ? ನಮ್ಮ ಎಂಟೂವರೆದು ಎಲ್ಲಿ ಹೋಯ್ತು? ಒಂಬತ್ತೂವರೆಗೆ ಹಾಕಿದ್ರೆ ಯಾರು ನೋಡ್ತಾರೆ, ಬೆಳಿಗ್ಗೆ ಐದಕ್ಕೆ ಏಳ್ಬೇಕು. ಹೀರೋಯಿನ್ ಮಾತ್ರ ಚೆನ್ನಾಗಿದಾಳೆ.’

ನಾಲ್ಕು ವಾಕ್ಯ, ನಾಲ್ಕು ಬೇರೆ ವಿಷಯ. ಸಾಫ್ಟ್‌ವೇರಿಗೆ ಕೊಟ್ಟರೆ ‘ನೆಗೆಟಿವ್’ ಎಂದು ಒಂದೇ ಮುದ್ರೆ ಒತ್ತಿ ಕಳಿಸುತ್ತದೆ. ನಮ್ಮ ಹಾಳೆಯಲ್ಲಿ ಇದು ನಾಲ್ಕು ಸಾಲಾಗಬೇಕು. ಮೊದಲನೆಯದು ‘ಕಥೆ’: ಪ್ರೋಮೋದಲ್ಲಿ ಕಂಡ ಎಳೆ ಹಳಸಿದೆ ಅನ್ನಿಸಿದೆ. ಎರಡನೆಯದು ‘ಗೊಂದಲ’: ಹಳೆಯ ಧಾರಾವಾಹಿ ಮುಗಿಯಿತೋ ಸರಿಯಿತೋ ಅವರಿಗೆ ತಿಳಿದಿಲ್ಲ. ಅದನ್ನು ದೂರು ಎಂದು ಎಣಿಸಬೇಡಿ, ಅವರು ಉತ್ತರ ಕೇಳುತ್ತಿದ್ದಾರೆ. ಮೂರನೆಯದು ‘ಸಮಯ’, ಅದೂ ಕಾರಣ ಸಮೇತ. ನಾಲ್ಕನೆಯದು ‘ಮುಖ’, ಮೆಚ್ಚುಗೆ. ಇವುಗಳ ಜೊತೆಗೆ ಇನ್ನೆರಡು ತಲೆಬರಹ ಸಾಕು: ಹಳೆಯದು ಹೋಯಿತು ಎಂಬ ಸಂಕಟಕ್ಕೆ ‘ನಷ್ಟ’, ಪ್ರೋಮೋದ ಸಂಗೀತ-ಸಂಕಲನದ ಬಗ್ಗೆಯಾದರೆ ‘ಪ್ರೋಮೋ’. ಆರಕ್ಕಿಂತ ಹೆಚ್ಚು ತಲೆಬರಹ ಮಾಡಿದರೆ ಗುರುತು ಹಾಕುವವರು ಮೂರನೇ ದಿನಕ್ಕೇ ಸೋತು ಎಲ್ಲವನ್ನೂ ‘ಇತರೆ’ಗೆ ತಳ್ಳುತ್ತಾರೆ.

ಇನ್ನೊಂದು ಕಾಲಮ್ ಇರಲೇಬೇಕು: ಅವರು ಏನು ಮಾಡುತ್ತೇನೆ ಅಂದಿದ್ದಾರೆ? ನೋಡುತ್ತೇನೆ, ನೋಡಲ್ಲ, ಆ್ಯಪ್‌ನಲ್ಲಿ ಆಮೇಲೆ ನೋಡುತ್ತೇನೆ, ಬೇರೆ ಚಾನೆಲ್ ಹಾಕುತ್ತೇನೆ, ಏನೂ ಹೇಳಿಲ್ಲ. ಹೆಚ್ಚಿನವು ‘ಏನೂ ಹೇಳಿಲ್ಲ’ಕ್ಕೇ ಬೀಳುತ್ತವೆ, ಬೀಳಲಿ. ಭಾವನೆ ನೋಡಿ ಊಹಿಸಿ ‘ನೋಡಲ್ಲ’ಕ್ಕೆ ಹಾಕಬೇಡಿ. ಕೆಂಡಾಮಂಡಲವಾಗಿ ಬರೆದವರು ಹೊಸದರ ಮೊದಲ ಎಪಿಸೋಡಿಗೆ ಎಲ್ಲರಿಗಿಂತ ಮುಂಚೆ ಟಿವಿ ಮುಂದೆ ಕೂತಿರುವುದೂ ಉಂಟು, ಬೈಯುವುದಕ್ಕಾದರೂ ನೋಡಬೇಕಲ್ಲ. ‘ಬೆಳಿಗ್ಗೆ ಐದಕ್ಕೆ ಏಳ್ಬೇಕು’ ಎಂದು ತಣ್ಣಗೆ ಬರೆದವರು ಮಾತ್ರ ನಿಜವಾಗಿಯೂ ಕೈಬಿಟ್ಟುಹೋಗುವವರು. ಕಾರಣ ಸಮೇತ ಬಂದ ಒಂದು ಸಮಯದ ದೂರು ಕಾರಣವಿಲ್ಲದ ಹತ್ತು ಬೈಗುಳಕ್ಕಿಂತ ಭಾರ.

ಗುರುತು ಹಾಕುವ ಕೆಲಸ ಒಬ್ಬರ ಕೈಯಲ್ಲಿರಬಾರದು. ಮೊದಲ 200 ಪ್ರತಿಕ್ರಿಯೆಗಳನ್ನು ಇಬ್ಬರು ಪ್ರತ್ಯೇಕವಾಗಿ, ಒಬ್ಬರದನ್ನೊಬ್ಬರು ನೋಡದೆ ಗುರುತಿಸಿ ಆಮೇಲೆ ಹೋಲಿಸಬೇಕು. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. 200ರಲ್ಲಿ 160 ಕಡೆ ಇಬ್ಬರದೂ ಒಂದೇ ಇದ್ದರೆ ಶೇ. 80 ಒಪ್ಪಿಗೆ, ಭೇಷ್ ಅನ್ನಿಸುತ್ತದೆ. ಆದರೆ ಇಬ್ಬರೂ ಶೇ. 70ಕ್ಕೆ ‘ನಷ್ಟ’, ಉಳಿದದ್ದಕ್ಕೆಲ್ಲ ‘ಸಮಯ’ ಎಂದೇ ಬರೆಯುವ ಅಭ್ಯಾಸದವರಾದರೆ, ಕಣ್ಣು ಮುಚ್ಚಿ ಬರೆದರೂ ಶೇ. 58ರಷ್ಟು ತಾಳೆಯಾಗುತ್ತದೆ (0.7 × 0.7 ಮತ್ತು 0.3 × 0.3 ಕೂಡಿ ನೋಡಿ). ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಲೆಕ್ಕ ಈ ಆಕಸ್ಮಿಕ ಒಪ್ಪಿಗೆಯನ್ನು ಕಳೆಯುತ್ತದೆ: 80ರಿಂದ 58 ಕಳೆದರೆ 22, ಅದನ್ನು ಉಳಿದ 42ರಿಂದ ಭಾಗಿಸಿದರೆ 0.52. ಇದು ಸಾಧಾರಣ. 0.7 ದಾಟುವವರೆಗೆ ಮುಂದಿನ ಗುಡ್ಡೆಗೆ ಕೈಹಾಕಬೇಡಿ. ಎಲ್ಲಿ ಭಿನ್ನವಾಯಿತೋ ಆ 40 ಮಾತುಗಳನ್ನು ಇಬ್ಬರೂ ಒಟ್ಟಿಗೆ ಕೂತು ಓದಿ, ತಲೆಬರಹದ ವಿವರಣೆ ತಿದ್ದಿ, ಹೊಸ 200ರ ಮೇಲೆ ಮತ್ತೆ ಪರೀಕ್ಷಿಸಿ. ಜಗಳ ಹೆಚ್ಚಾಗಿ ‘ನಷ್ಟ’ ಮತ್ತು ‘ಸಮಯ’ದ ನಡುವೆ ಬರುತ್ತದೆ. ನಾವು ಇಟ್ಟುಕೊಂಡ ನಿಯಮ ಇದು: ಮಾತಿನಲ್ಲಿ ಗಂಟೆ ಅಥವಾ ದಿನಚರಿಯ ಉಲ್ಲೇಖ ಇದ್ದರೆ ‘ಸಮಯ’, ಇಲ್ಲದಿದ್ದರೆ ‘ನಷ್ಟ’.

ವ್ಯಂಗ್ಯಕ್ಕೆ ಯಂತ್ರವನ್ನು ನಂಬುವ ಹಾಗೇ ಇಲ್ಲ. ‘ವಾವ್, ಸೂಪರ್, ಇನ್ನೂ ಎರಡು ಸಾವಿರ ಎಪಿಸೋಡ್ ಎಳೀರಿ’ ಅನ್ನುವುದು ಮೆಚ್ಚುಗೆಯ ಪಟ್ಟಿಗೆ ಸೇರಿದ್ದನ್ನು ಎಷ್ಟು ವರದಿಗಳಲ್ಲಿ ಬೇಕಾದರೂ ನೋಡಬಹುದು.

ಮಾತು ಎಣಿಸಬೇಡಿ, ಜನರನ್ನು ಎಣಿಸಿ

ಸಾವಿರ ಪ್ರತಿಕ್ರಿಯೆ ಅಂದರೆ ಸಾವಿರ ಜನ ಅಲ್ಲ. ಖಾತೆಯ ಪ್ರಕಾರ ವಿಂಗಡಿಸಿದರೆ ಸಾವಿರದಲ್ಲಿ ನಾನೂರು ಜನ ಸಿಕ್ಕಾರು, ಅದರಲ್ಲಿ ಇಪ್ಪತ್ತೈದು ಜನರೇ ಕಾಲುಭಾಗ ಬರೆದಿದ್ದಾರು. ಒಬ್ಬರಿಗೆ ಒಂದು ತಲೆಬರಹದಲ್ಲಿ ಒಂದೇ ಎಣಿಕೆ. ಆಮೇಲೆ ಅದೇ ಪದಗಳು ಅದೇ ಕ್ರಮದಲ್ಲಿ ಬಂದಿರುವುದನ್ನು ಹುಡುಕಿ. ಏಳೆಂಟು ಪದ ಅಕ್ಷರಶಃ ಒಂದೇ ಇದ್ದರೆ ಅದು ನಟ-ನಟಿಯರ ಅಭಿಮಾನಿ ಗುಂಪಿನಲ್ಲಿ ಹಂಚಿದ ಸಾಲು. ಅದನ್ನು ಎಸೆಯಬೇಡಿ, ಬೇರೆ ಕಾಲಮ್ಮಿಗೆ ಹಾಕಿ ‘ಸಂಘಟಿತ’ ಎಂದು ಬರೆಯಿರಿ. ಇಷ್ಟು ಜನ ಕೂಡಿಕೊಂಡು ಕೂಗಬಲ್ಲರು ಅನ್ನುವುದೂ ಒಂದು ಮಾಹಿತಿಯೇ. ಅಷ್ಟೇ ಜನ ಕೂತು ನೋಡುತ್ತಾರಾ ಅನ್ನುವುದನ್ನು ಬೇರೆಯಾಗಿ ಕೇಳಬೇಕು.

ಇದಕ್ಕೆ ಅಮೆರಿಕದ ಎರಡು ಹಳೆಯ ಪ್ರಸಂಗ ಚೆನ್ನಾಗಿ ಹೊಂದುತ್ತವೆ. 2007ರ ಮೇನಲ್ಲಿ ಸಿಬಿಎಸ್ ‘ಜೆರಿಕೊ’ ಧಾರಾವಾಹಿಯನ್ನು ನಿಲ್ಲಿಸುತ್ತೇವೆ ಅಂದಾಗ ಅಭಿಮಾನಿಗಳು ಚಾನೆಲ್ ಕಚೇರಿಗೆ ಸುಮಾರು ಇಪ್ಪತ್ತು ಟನ್ ಕಡಲೆಕಾಯಿ ಕಳಿಸಿದರು. ಕಥೆಯಲ್ಲಿ ಶರಣಾಗಲು ಒಪ್ಪದೆ ಹೇಳುವ ‘ನಟ್ಸ್’ ಎಂಬ ಮಾತಿನ ಶ್ಲೇಷೆ ಅದು. ಚಾನೆಲ್ ಮಣಿದು ಏಳು ಎಪಿಸೋಡಿಗೆ ಒಪ್ಪಿತು. 2008ರಲ್ಲಿ ಅವು ಪ್ರಸಾರವಾದವು, ನೋಡುವವರು ಸಾಲಲಿಲ್ಲ, ಮತ್ತೆ ನಿಂತಿತು. ಅದಕ್ಕೂ ನಲವತ್ತು ವರ್ಷ ಹಿಂದೆ, 1968ರಲ್ಲಿ, ‘ಸ್ಟಾರ್ ಟ್ರೆಕ್’ ನಿಲ್ಲಬಾರದು ಎಂದು ಪತ್ರಗಳು ಪ್ರವಾಹದ ಹಾಗೆ ಬಂದು ಎನ್‌ಬಿಸಿ ಮೂರನೇ ಸೀಸನ್ನಿಗೆ ಒಪ್ಪಿತು. ಆದರೆ ಕೊಟ್ಟ ಜಾಗ ಶುಕ್ರವಾರ ರಾತ್ರಿ ಹತ್ತು ಗಂಟೆ. ಅದನ್ನು ಮೆಚ್ಚಿ ನೋಡುತ್ತಿದ್ದ ಹುಡುಗರು ಮನೆಯಲ್ಲಿರದ ಹೊತ್ತು ಅದು. 1969ರಲ್ಲಿ ಮುಗಿಯಿತು. ಮೊದಲನೆಯದರಲ್ಲಿ ಕೂಗು ದೊಡ್ಡದು, ಕೂತು ನೋಡುವವರು ಕಡಿಮೆ. ಎರಡನೆಯದರಲ್ಲಿ ಜನ ಇದ್ದರು, ಗಂಟೆ ಅವರದಾಗಿರಲಿಲ್ಲ. ನಮ್ಮ ವರದಿಯಲ್ಲಿ ಈ ಎರಡೂ ಬೇರೆ ಬೇರೆ ಸಾಲಾಗಿ ಕಾಣಿಸಬೇಕು.

ಬರೆಯದೆ ಇರುವವರನ್ನು ಕೇಳುವುದು

ತಾವಾಗಿ ಬರೆಯುವವರು ಯಾವತ್ತೂ ವೀಕ್ಷಕರ ಮಾದರಿಯಲ್ಲ. ಆದ್ದರಿಂದ ಪಟ್ಟಿ ಹೊರಬಿದ್ದ ವಾರದಲ್ಲೇ ಒಂದು ಸಣ್ಣ ಸಮೀಕ್ಷೆ ಬೇಕು. ಎಷ್ಟು ಜನ? ಯಾದೃಚ್ಛಿಕವಾಗಿ ಆರಿಸಿದ 100 ಜನರಾದರೆ, ಉತ್ತರ ಶೇ. 50ರ ಆಸುಪಾಸಿನಲ್ಲಿದ್ದಾಗ ತಪ್ಪಿನ ಅಂತರ ಆಚೀಚೆ ಸುಮಾರು ಶೇ. 10. 400 ಜನರಾದರೆ 5, ಸಾವಿರಕ್ಕೆ ಏರಿಸಿದರೆ 3. ಸಾವಿರಕ್ಕೆ ಖರ್ಚು ಮಾಡುವ ಬದಲು ನಾನೂರರಲ್ಲೇ ನಿಂತು, ಉಳಿದ ದುಡ್ಡಿನಲ್ಲಿ ನಾಲ್ಕನೇ ವಾರ ಇನ್ನೊಂದು ಸುತ್ತು ಮಾಡುವುದು ಜಾಣತನ ಅನ್ನುವುದು ನಮ್ಮ ಅಭಿಪ್ರಾಯ. ಒಂದು ಎಚ್ಚರಿಕೆ ಮಾತ್ರ: ನಾನೂರನ್ನು ವಯಸ್ಸು, ಊರು, ಲಿಂಗ ಎಂದು ಸೀಳಿ, ಮೂವತ್ತು ಜನರ ಒಂದು ತುಂಡು ಹಿಡಿದು ‘ಯುವಕರು ಒಪ್ಪುತ್ತಿಲ್ಲ’ ಎಂದು ಸಭೆಯಲ್ಲಿ ಹೇಳಬೇಡಿ. ಆ ತುಂಡಿನ ತಪ್ಪಿನ ಅಂತರ ಶೇ. 18.

ಪ್ರಶ್ನೆಗಳ ಕ್ರಮದಲ್ಲಿಯೇ ಅರ್ಧ ಕೆಲಸ ಇದೆ. ಪ್ರೋಮೋ ತೋರಿಸಿ ‘ಇಷ್ಟವಾಯಿತಾ?’ ಎಂದು ಶುರು ಮಾಡಿದರೆ ಎದುರಿಗೆ ಕೂತವರ ಮುಖ ನೋಡಿ ‘ಹೂಂ’ ಅನ್ನುತ್ತಾರೆ. ನಾವು ದಿನಚರಿಯಿಂದ ಶುರು ಮಾಡುತ್ತೇವೆ: ‘ನಿನ್ನೆ ರಾತ್ರಿ ಎಂಟೂವರೆಗೆ ಏನು ಮಾಡ್ತಿದ್ರಿ? ಟಿವಿ ಹಾಕಿತ್ತಾ? ರಿಮೋಟ್ ಯಾರ ಕೈಯಲ್ಲಿತ್ತು?’ ಮೂರನೇ ಪ್ರಶ್ನೆ ಬಿಡಬೇಡಿ. ಎಷ್ಟೋ ಸಲ ಕಾರ್ಯಕ್ರಮ ಇಷ್ಟಪಟ್ಟವರ ಕೈಯಲ್ಲಿ ರಿಮೋಟ್ ಇರುವುದೇ ಇಲ್ಲ. ಅದೇ ಹೊತ್ತಿಗೆ ಬೇರೆ ಚಾನೆಲ್ಲಿನಲ್ಲಿ ಏನು ನೋಡುತ್ತಾರೆ ಎಂದು ಕೇಳಿ. ಹೊಸ ಪಟ್ಟಿಯ ಹೆಸರುಗಳು ಬರುವುದು ಆಮೇಲೆ.

ಹೆಸರುಗಳನ್ನು ಓದುವಾಗ ಒಂದು ಸುಳ್ಳು ಹೆಸರು ಸೇರಿಸಿ. ಎಲ್ಲೂ ಇಲ್ಲದ, ಆದರೆ ಇದ್ದಿರಬಹುದು ಅನ್ನಿಸುವ ಧಾರಾವಾಹಿಯ ಹೆಸರು. ‘ಕೇಳಿದ್ದೀರಾ?’ ಎಂದಾಗ ನಾನೂರರಲ್ಲಿ 88 ಜನ ಹೊಸ ಧಾರಾವಾಹಿಗೆ ಹೌದು ಅಂದರೆ ಶೇ. 22. ಆದರೆ ಸುಳ್ಳು ಹೆಸರಿಗೂ 36 ಜನ ಹೌದು ಅಂದರೆ ಅದು ಶೇ. 9. ಹಾಗಾದರೆ ಪ್ರೋಮೋದಿಂದ ನಿಜವಾಗಿ ಮುಟ್ಟಿದ್ದು ಸುಮಾರು ಶೇ. 13. ಮಾರ್ಕೆಟಿಂಗ್‌ನವರಿಗೆ ಈ ಲೆಕ್ಕ ಇಷ್ಟವಾಗುವುದಿಲ್ಲ, ಆದರೂ ಬರೆಯಿರಿ.

‘ನೋಡುತ್ತೀರಾ?’ ಎಂಬುದಕ್ಕೆ ಹೌದು-ಇಲ್ಲ ಬೇಡ. 1966ರಲ್ಲಿ ಥಾಮಸ್ ಜಸ್ಟರ್ ಕೊಳ್ಳುವ ಉದ್ದೇಶ ಅಳೆಯಲು ಕೊಟ್ಟ ಸೊನ್ನೆಯಿಂದ ಹತ್ತರ ಮಾಪಕ ಇಲ್ಲಿಗೂ ಒಗ್ಗುತ್ತದೆ: ಹತ್ತು ಅಂದರೆ ನೂರಕ್ಕೆ ತೊಂಬತ್ತೊಂಬತ್ತು ಸಾಧ್ಯತೆ, ಸೊನ್ನೆ ಅಂದರೆ ಇಲ್ಲ, ಅಥವಾ ಇಲ್ಲದಷ್ಟೇ. ಪ್ರಶ್ನೆ ಹೀಗಿರಲಿ: ‘ಮೊದಲ ವಾರ ಸೋಮವಾರ ರಾತ್ರಿ ಒಂಬತ್ತೂವರೆಗೆ ಇದನ್ನು ನೋಡುವ ಸಾಧ್ಯತೆ ಎಷ್ಟು?’ ದಿನ, ಗಂಟೆ ಎರಡೂ ಪ್ರಶ್ನೆಯೊಳಗೇ ಇರಬೇಕು. ಸರಾಸರಿ 3.2 ಬಂದರೆ ಶೇ. 32 ಜನ ನೋಡುತ್ತಾರೆ ಎಂದು ಕುಣಿಯಬೇಡಿ, ಹೇಳುವುದಕ್ಕೂ ಕೂರುವುದಕ್ಕೂ ಅಂತರ ಇದ್ದೇ ಇದೆ. ಅದಕ್ಕೇ ಅದೇ ಪ್ರಶ್ನೆಯನ್ನು ಈಗಾಗಲೇ ನಡೆಯುತ್ತಿರುವ, ನಿಜ ಸಂಖ್ಯೆ ನಿಮಗೆ ಗೊತ್ತಿರುವ ಎರಡು ಕಾರ್ಯಕ್ರಮಗಳ ಬಗ್ಗೆಯೂ ಕೇಳಿ. ಅವುಗಳಲ್ಲಿ ಹೇಳಿದ್ದು 40, ನಿಜವಾಗಿ ನೋಡುವುದು 10 ಅಂದರೆ ನಿಮ್ಮ ಭಾಜಕ ನಾಲ್ಕು. 32ನ್ನೂ ಅದರಿಂದಲೇ ಭಾಗಿಸಿ.

ಎಪಿಸೋಡನ್ನೇ ತೋರಿಸಿ ಪರೀಕ್ಷಿಸುವ ಪದ್ಧತಿ ಬೇರೆ. ಹಸಿರು ಗುಂಡಿ ಇಷ್ಟಕ್ಕೆ, ಕೆಂಪು ಗುಂಡಿ ಬೇಸರಕ್ಕೆ ಎಂಬ ಆ ಯಂತ್ರವನ್ನು ಸಂಶೋಧಕರಾದ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಫ್ರಾಂಕ್ ಸ್ಟಾಂಟನ್ 1930ರ ದಶಕದಲ್ಲೇ ರೇಡಿಯೊಗಾಗಿ ಮಾಡಿದ್ದರು. ಆ ಪರೀಕ್ಷೆಯ ಮಾತು ಬಂದರೆ ಸಾಕು, ಸಭೆಯಲ್ಲಿ ಯಾರಾದರೊಬ್ಬರು ಅಮೆರಿಕದ ಹಾಸ್ಯ ಧಾರಾವಾಹಿ ‘ಸೈನ್‌ಫೆಲ್ಡ್’ ಉದಾಹರಣೆ ಎತ್ತುತ್ತಾರೆ: 1989ರಲ್ಲಿ ಪರೀಕ್ಷೆಯಲ್ಲಿ ದುರ್ಬಲ ಅನ್ನಿಸಿಕೊಂಡು ಆಮೇಲೆ ಒಂಬತ್ತು ಸೀಸನ್ ಓಡಿತು ಎಂದು. ಮಾತು ನಿಜ. ಆದರೆ ಪರೀಕ್ಷೆಯಲ್ಲಿ ದುರ್ಬಲವಾಗಿ, ಪ್ರಸಾರದಲ್ಲೂ ದುರ್ಬಲವಾಗಿ, ಹೆಸರಿಲ್ಲದೆ ಹೋದವುಗಳನ್ನು ಯಾರೂ ಉದಾಹರಣೆಗೆ ಎತ್ತುವುದಿಲ್ಲ.

ಪಕ್ಕದ ಸ್ಲಾಟ್

ಪ್ರತಿಕ್ರಿಯೆಗಳಲ್ಲಿ ಎಂದೂ ಕಾಣದ, ಆದರೆ ಸಂಖ್ಯೆಯಲ್ಲಿ ಮೊದಲು ಕಾಣುವ ಸಂಗತಿ ಇದು. ‘ಎಂಟರ ಧಾರಾವಾಹಿ ಬದಲಾದ್ದರಿಂದ ನಾನು ಎಂಟೂವರೆಯದನ್ನೂ ನೋಡುವುದಿಲ್ಲ’ ಎಂದು ಯಾರೂ ಬರೆಯುವುದಿಲ್ಲ, ಅವರಿಗೇ ಅದು ಗೊತ್ತಿರುವುದಿಲ್ಲ. 2009ರ ಸೆಪ್ಟೆಂಬರಿನಲ್ಲಿ ಎನ್‌ಬಿಸಿ ವಾರದ ಐದೂ ದಿನ ರಾತ್ರಿ ಹತ್ತಕ್ಕೆ ಹಾಸ್ಯಗಾರ ಜೇ ಲೆನೊ ಅವರ ಕಾರ್ಯಕ್ರಮ ಹಾಕಿತು. ಅದರಿಂದ ಪೆಟ್ಟು ಬಿದ್ದದ್ದು ಹನ್ನೊಂದು ಗಂಟೆಯ ಸ್ಥಳೀಯ ವಾರ್ತೆಗೆ. ಹತ್ತರಲ್ಲಿ ಕೂರುವವರು ಕಡಿಮೆಯಾದಾಗ ಹನ್ನೊಂದಕ್ಕೆ ಉಳಿಯುವವರೂ ಕಡಿಮೆಯಾದರು, ಸ್ಥಳೀಯ ಕೇಂದ್ರಗಳು ತಿರುಗಿಬಿದ್ದವು, 2010ರ ಫೆಬ್ರವರಿಯಲ್ಲಿ ಕಾರ್ಯಕ್ರಮ ಅಲ್ಲಿಂದ ತೆಗೆಯಬೇಕಾಯಿತು.

ಹಾಗಾಗಿ ಹತ್ತು ಸಾಲಿನ ಹಾಳೆಯಲ್ಲಿ ಪ್ರತಿ ಬದಲಾವಣೆಯ ಕೆಳಗಿನ ಸಾಲಿಗೂ ಒಂದು ನಕ್ಷತ್ರ ಹಾಕಿ. ಆ ಸಾಲಿನ ಈಗಿನ ವೀಕ್ಷಕರಲ್ಲಿ ಎಷ್ಟು ಪಾಲು ಮೇಲಿನ ಸಾಲಿನಿಂದ ಹಾಗೇ ಮುಂದುವರಿದು ಬಂದವರು ಅನ್ನುವುದನ್ನು ರೇಟಿಂಗಿನ ನಿಮಿಷವಾರು ದತ್ತಾಂಶದಿಂದ ತೆಗೆಯಿರಿ. ಅರ್ಧಕ್ಕಿಂತ ಹೆಚ್ಚಿದ್ದರೆ ವರದಿಯ ಮೊದಲ ಪ್ಯಾರಾದಲ್ಲೇ ಅದು ಬರಬೇಕು.

ತಿದ್ದಬಹುದಾದದ್ದು, ತಿದ್ದಲಾಗದ್ದು

ವರದಿಯಲ್ಲಿ ಪ್ರತಿ ಅಂಶದ ಪಕ್ಕ ‘ಯಾವತ್ತಿನೊಳಗೆ ಬದಲಾಯಿಸಬಹುದು’ ಎಂಬುದು ಇರದಿದ್ದರೆ ಅದನ್ನು ಓದಿ ಪಕ್ಕಕ್ಕಿಡುತ್ತಾರೆ. ‘ಗೊಂದಲ’ದ ಗುಡ್ಡೆ ಎಲ್ಲಕ್ಕಿಂತ ಅಗ್ಗದಲ್ಲಿ ಕರಗುತ್ತದೆ, ಆದರೂ ಅದನ್ನೇ ಕಡೆಗಣಿಸುತ್ತಾರೆ. ಪ್ರೋಮೋದ ಕೊನೆಯಲ್ಲಿ ಸಮಯದ ಫಲಕ ಒಂದೂವರೆ ಸೆಕೆಂಡು ಮಿಂಚಿ ಹೋದರೆ ಯಾರಿಗೂ ನೆನಪುಳಿಯುವುದಿಲ್ಲ. ಮೂರು ಸೆಕೆಂಡು ನಿಲ್ಲಿಸಿ. ದಿನ ಮತ್ತು ಗಂಟೆಯನ್ನು ಧ್ವನಿಯಲ್ಲೂ ಹೇಳಿಸಿ, ಯಾಕೆಂದರೆ ಪ್ರೋಮೋ ಬರುವ ಹೊತ್ತಿಗೆ ಜನ ಎದ್ದು ಒಳಗೆ ಹೋಗಿರುತ್ತಾರೆ, ಕಿವಿ ಮಾತ್ರ ಟಿವಿ ಕಡೆ ಇರುತ್ತದೆ. ‘ಶೀಘ್ರದಲ್ಲಿ’ ಎಂದು ಮೂರು ವಾರ ಓಡಿಸಿ ಕೊನೆಯ ನಾಲ್ಕು ದಿನ ಮಾತ್ರ ದಿನಾಂಕ ಹಾಕಿದರೆ, ‘ಶೀಘ್ರದಲ್ಲಿ’ಯ ಅಷ್ಟೂ ಸ್ಪಾಟ್ ನೀರಿನಲ್ಲಿ ಹೋಮ. ಇದೆಲ್ಲ ಒಂದೆರಡು ದಿನದ ಸಂಕಲನದ ಕೆಲಸ.

ಇನ್ನೊಂದು, ಸೆಟ್-ಟಾಪ್ ಬಾಕ್ಸಿನ ಕಾರ್ಯಕ್ರಮ ಸೂಚಿ. ಹೊಸ ವೇಳಾಪಟ್ಟಿಯ ಫೈಲನ್ನು ಆಪರೇಟರುಗಳಿಗೆ ಹೊತ್ತಿಗೆ ಸರಿಯಾಗಿ ಕಳಿಸದಿದ್ದರೆ ತೆರೆ ಮೇಲೆ ಹೊಸ ಧಾರಾವಾಹಿ, ಸೂಚಿಯಲ್ಲಿ ಹಳೆಯ ಹೆಸರು. ರೆಕಾರ್ಡ್ ಮಾಡಲು ಹಾಕಿದವರಿಗೆ ತಪ್ಪು ಎಪಿಸೋಡ್. ಹೆಸರು ಉದ್ದವಾದರೆ ಸೂಚಿ ಅದನ್ನು ಅರ್ಧಕ್ಕೇ ಕತ್ತರಿಸುತ್ತದೆ, ಒಂದೇ ಪದದಿಂದ ಶುರುವಾಗುವ ಎರಡು ಕಾರ್ಯಕ್ರಮ ಅಲ್ಲಿ ಅವಳಿಗಳಂತೆ ಕಾಣುತ್ತವೆ. ಪ್ರಸಾರಕ್ಕೆ ಒಂದು ವಾರ ಮುಂಚೆ ಕನಿಷ್ಠ ಮೂರು ಬೇರೆ ಬಾಕ್ಸುಗಳಲ್ಲಿ ಕಣ್ಣಾರೆ ನೋಡಿ.

‘ಸಮಯ’ದ ದೂರಿಗೆ ಸ್ಲಾಟ್ ಬದಲಿಸುವುದು ಜಾಹೀರಾತು ಮಾರಾಟವಾದ ಮೇಲೆ ಕಷ್ಟ. ಆಗ ಕೇಳಬೇಕಾದದ್ದು ಮರುಪ್ರಸಾರ: ಬೆಳಿಗ್ಗೆ ಅಥವಾ ಮಧ್ಯಾಹ್ನ ಯಾವ ಹೊತ್ತಿಗೆ ಈ ಜನ ಸಿಗುತ್ತಾರೆ ಎಂದು ಸಮೀಕ್ಷೆಯ ದಿನಚರಿಯಲ್ಲೇ ಇರುತ್ತದೆ. ‘ಕಥೆ’ಯ ದೂರು ಇನ್ನೂ ನಿಧಾನ. ಇಪ್ಪತ್ತು ಎಪಿಸೋಡ್ ಬ್ಯಾಂಕಿಂಗ್ ಆಗಿದ್ದರೆ (ಮೊದಲೇ ಚಿತ್ರೀಕರಿಸಿ ಇಟ್ಟಿದ್ದರೆ), ವಾರಕ್ಕೆ ಐದರಂತೆ, ಈವತ್ತು ಬರೆದ ತಿದ್ದುಪಡಿ ತೆರೆಗೆ ಬರುವುದು ನಾಲ್ಕು ವಾರದ ನಂತರವೇ. ಈ ಗಡುವನ್ನು ಬರೆಯದೆ ‘ಟ್ರ್ಯಾಕ್ (ಕಥೆಯ ಎಳೆ) ಬದಲಿಸಿ’ ಎಂದು ಸಲಹೆ ಕೊಟ್ಟರೆ ಬರಹಗಾರರ ಜೊತೆ ಸುಮ್ಮನೆ ಜಗಳ. ‘ನಷ್ಟ’ಕ್ಕೆ ಮದ್ದಿಲ್ಲ, ಅದು ಕೆಲವು ವಾರದಲ್ಲಿ ತಾನಾಗಿ ತಗ್ಗುತ್ತದೆ. ಆದರೆ ಹಳೆಯದನ್ನು ಅರ್ಧಕ್ಕೆ ಕತ್ತರಿಸಿ ನಿಲ್ಲಿಸಿದ್ದರೆ ಅಷ್ಟು ಸುಲಭಕ್ಕೆ ತಗ್ಗುವುದಿಲ್ಲ. ಕೊನೆಯ ವಾರವನ್ನು ನೆಟ್ಟಗೆ ಮುಗಿಸಿ, ಅದರ ಕೊನೆಯ ಎಪಿಸೋಡಿನ ಒಳಗೇ ಹೊಸದನ್ನು ಪರಿಚಯಿಸಿ ಎಂದು ಬರೆಯಿರಿ.

ವೀಕ್ಷಕರಿಗೆ ಉತ್ತರ ಕೊಡುವಾಗ ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ’ ಎಂಬ ಸಿದ್ಧ ವಾಕ್ಯ ಬಿಟ್ಟುಬಿಡಿ, ಅದು ಉರಿಗೆ ಎಣ್ಣೆ. ಹಳೆಯದರ ಕೊನೆಯ ಎಪಿಸೋಡ್ ಯಾವತ್ತು, ಹೊಸ ಸಮಯ ಯಾವುದು, ತಪ್ಪಿಹೋದರೆ ಎಲ್ಲಿ ನೋಡಬಹುದು: ಈ ಮೂರು ವಿವರ ಎರಡು ಸಾಲಿನಲ್ಲಿ ಸಾಕು.

ಪ್ರಸಾರ ಶುರುವಾದ ಮೇಲೆ

ಮೊದಲ ವಾರದ ರೇಟಿಂಗ್ ಬಂದ ಕೂಡಲೇ ‘ಜನ ಹೇಳಿದ್ದು ಸುಳ್ಳಾಯಿತು’ ಅಥವಾ ‘ನಾವು ಅಂದಿದ್ದೆವಲ್ಲ’ ಎಂದು ಹಾರಾಡುವವರಿರುತ್ತಾರೆ. ರೇಟಿಂಗ್ ಅಳೆಯುವ ಸಂಸ್ಥೆಗಳಾದ ಬ್ರಿಟನ್ನಿನ ಬಾರ್ಬ್, ಅಮೆರಿಕದ ನೀಲ್ಸನ್, ಭಾರತದ ಬಾರ್ಕ್ ಎಲ್ಲಕ್ಕೂ ತಳಹದಿ ಮಾದರಿ ಮನೆಗಳೇ. ಮಾದರಿ ಅಂದಮೇಲೆ ಅಂತರ ಇದ್ದೇ ಇದೆ. ಒಂದು ಮಾರುಕಟ್ಟೆಯ ಮಾದರಿಯಲ್ಲಿ ಸಾವಿರ ಜನರಿದ್ದು ರೇಟಿಂಗ್ ಶೇ. 2 ಬಂತು ಅಂದರೆ ಅಷ್ಟೂ ಸೇರಿ ಇಪ್ಪತ್ತು ಜನ. ತಪ್ಪಿನ ಅಂತರ ಆಚೀಚೆ 0.9, ನಿಜ ಸಂಖ್ಯೆ 1.1 ಇರಬಹುದು, 2.9 ಇರಬಹುದು. ಒಂದೇ ಮನೆಯವರು ಒಟ್ಟಿಗೆ ನೋಡುವುದರಿಂದ ಅಂತರ ಇನ್ನೂ ಹಿಗ್ಗುತ್ತದೆ. 2.0ದಿಂದ 1.8ಕ್ಕೆ ಇಳಿಯಿತು ಎಂದು ಒಂದೇ ವಾರಕ್ಕೆ ಸಭೆ ಕರೆಯುವುದು ಹುಚ್ಚು. ನಾಲ್ಕು ವಾರ ಒಂದೇ ದಿಕ್ಕಿನಲ್ಲಿ ಇಳಿದರೆ ಕರೆಯಿರಿ.

ರೇಟಿಂಗ್ ಒಂದನ್ನೇ ನೋಡಿದರೆ ಪ್ರತಿಕ್ರಿಯೆಯ ಜೊತೆ ಹೊಂದಿಸಲಾಗದು. ಅದನ್ನು ಎರಡು ತುಂಡು ಮಾಡಿ: ಎಷ್ಟು ಜನ ಬಂದರು, ಎಷ್ಟು ಹೊತ್ತು ಕೂತರು. ಮೂವತ್ತು ನಿಮಿಷದ ಧಾರಾವಾಹಿಗೆ ಹತ್ತು ಲಕ್ಷ ಜನ ಬಂದು ಸರಾಸರಿ ಒಂಬತ್ತು ನಿಮಿಷ ಕೂತರೆ, ನಿಮಿಷಕ್ಕೆ ಸರಾಸರಿ ಮೂರು ಲಕ್ಷ ವೀಕ್ಷಕರು. ಐದು ಲಕ್ಷ ಜನ ಬಂದು ಹದಿನೆಂಟು ನಿಮಿಷ ಕೂತರೂ ಅದೇ ಮೂರು ಲಕ್ಷ. ರೇಟಿಂಗ್ ಒಂದೇ, ಕಾಯಿಲೆ ಬೇರೆ. ಮೊದಲನೆಯದರಲ್ಲಿ ಪ್ರೋಮೋ ಜನರನ್ನು ಎಳೆದು ತಂದಿದೆ, ಕಥೆ ಹಿಡಿದಿಟ್ಟಿಲ್ಲ: ‘ಕಥೆ’ ಕಾಲಮ್ ತೆಗೆದು ಮೊದಲ ವಾರದ ಮಾತುಗಳನ್ನು ಮತ್ತೆ ಓದಿ, ಎಷ್ಟನೇ ನಿಮಿಷದಲ್ಲಿ ಜನ ಎದ್ದು ಹೋದರು ಎಂಬುದರ ಪಕ್ಕ ಇಡಿ. ಎರಡನೆಯದರಲ್ಲಿ ಬಂದವರು ಗಟ್ಟಿಯಾಗಿ ಕೂತಿದ್ದಾರೆ, ಬರಬೇಕಾದವರಿಗೆ ಗೊತ್ತೇ ಆಗಿಲ್ಲ ಅಥವಾ ಹೊತ್ತು ಹೊಂದಿಲ್ಲ: ‘ಗೊಂದಲ’ ಮತ್ತು ‘ಸಮಯ’ ಕಾಲಮ್ ತೆಗೆಯಿರಿ. ಎರಡನೇ ಧಾರಾವಾಹಿಯ ಕಥೆಗೆ ಕೈಹಾಕಲು ಹೊರಟವರನ್ನು ತಡೆಯುವುದಕ್ಕೆ ಈ ಒಂದು ಲೆಕ್ಕ ಸಾಕು.

ನಾಲ್ಕನೇ ವಾರದ ಕೊನೆಯಲ್ಲಿ ಮೊದಲ ಹಾಳೆ ತೆಗೆದು, ಪ್ರಕಟಣೆಯ ವಾರ ಪ್ರತಿ ತಲೆಬರಹದಲ್ಲಿ ಎಷ್ಟಿತ್ತು, ಈಗ ಎಷ್ಟಿದೆ, ಸಮೀಕ್ಷೆಯ ಭಾಗಿಸಿದ ಅಂದಾಜು ಎಷ್ಟಿತ್ತು, ನಿಜ ಎಷ್ಟು ಬಂತು, ಈ ನಾಲ್ಕು ಅಂಕಿ ಒಂದೇ ಸಾಲಿನಲ್ಲಿ ಬರೆದಿಡಿ. ಮುಂದಿನ ಪಟ್ಟಿಗೆ ಭಾಜಕ ಸಿಗುವುದು ಇಲ್ಲಿಂದಲೇ. ತಲೆಬರಹಗಳ ಹೆಸರನ್ನು ಮಾತ್ರ ನಡುವೆ ಬದಲಿಸಬೇಡಿ: ‘ನಷ್ಟ’ವನ್ನು ಯಾರೋ ‘ಹಳೆಯ ಕಾರ್ಯಕ್ರಮದ ಬೇಡಿಕೆ’ ಎಂದು ತಿದ್ದಿ ಅದರೊಳಗೆ ಸಮಯದ ದೂರನ್ನೂ ಸೇರಿಸಿಬಿಟ್ಟರೆ, ಹಿಂದಿನ ಹಾಳೆಗಳ ಜೊತೆ ಹೋಲಿಸಲು ಅಷ್ಟನ್ನೂ ಮೊದಲಿನಿಂದ ಗುರುತಿಸಬೇಕಾಗುತ್ತದೆ.